ಜಾನಕಮ್ಮನವರ ನಾಲ್ಕು ಕುದುರೆ

ಬಸವನಗುಡಿಯ ಜಾನಕಮ್ಮನವರು ವಿಮಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತರಾದ ಮೇಲೆ ಮಾಡಿದ ಮೊದಲ ಕೆಲಸವೆಂದರೆ ದೋಣಿಗೆ ಹಾಯಿ ಹೊಲಿದದ್ದು. ಹೊಲಿಸಿದವರು ಅವರ ಯಜಮಾನರು, ಬದರೀನಾರಾಯಣ ಮೇಷ್ಟ್ರು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳುತ್ತಾ ಗಾಳಿಯ ಒತ್ತಡ, ನೀರಿನ ಒತ್ತಡ ಅಂತ ಬೋರ್ಡಿನ ಮೇಲೆ ಬಾಣ ಎಳೆದೂ ಎಳೆದೂ, ಒಮ್ಮೆಯಾದರೂ ನಿಜವಾದ ಗಾಳಿ ಹಿಡಿಯಬೇಕೆಂಬ ಹುಚ್ಚು ಅವರಿಗೆ ಹತ್ತಿತ್ತು. ಮನೆ ಪಕ್ಕದ ಸಂದಿಯಲ್ಲಿ ಒಂದೂವರೆ ವರ್ಷ ಪ್ಲೈವುಡ್ ಕೊಯ್ದು, ಅಂಟಿಸಿ, ಹದಿಮೂರಡಿಯ ದೋಣಿ ಮಾಡಿದರು. ೧೯೯೭ರ ಸಂಕ್ರಾಂತಿ ಕಳೆದ ಭಾನುವಾರ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಗಂಡ ಹೆಂಡತಿ ಊರಾಚೆಯ ಕಗ್ಗಲಹಳ್ಳಿ ಕೆರೆಗೆ ಹೊರಟರು.

ದೋಣಿ ಚೆನ್ನಾಗಿಯೇ ತೇಲಿತು. ಆದರೆ ಕೆರೆಯ ನಡುವಿಗೆ ಬರುವಷ್ಟರಲ್ಲಿ ಗಾಳಿ ನಿಂತುಹೋಯಿತು. ಹಾಯಿ ಒಣಹಾಕಿದ ಪಂಚೆಯಂತೆ ಜೋತುಬಿತ್ತು. ಇದ್ದ ಒಂದೇ ಹುಟ್ಟಿನಲ್ಲಿ ಮೇಷ್ಟ್ರು ದೋಣಿಯನ್ನು ನಿಂತಲ್ಲೇ ಸುತ್ತಿಸಿದರೇ ಹೊರತು ಮುಂದಕ್ಕೆ ಒಯ್ಯಲಾಗಲಿಲ್ಲ. ಪುಳಿಯೋಗರೆ ಡಬ್ಬಿ ಖಾಲಿಯಾಯಿತು. ಮೂರು ಗಂಟೆ ಕಾಲ ಬಿಸಿಲಲ್ಲಿ ಕಾದ ಮೇಲೆ ಮೀನು ಹಿಡಿಯುವ ಮುನಿರಾಮಪ್ಪ ಹರಿಗೋಲಿನಲ್ಲಿ ಬಂದು, ನಗು ತಡೆದುಕೊಳ್ಳುತ್ತಲೇ ಹಗ್ಗ ಕಟ್ಟಿ ಎಳೆದು ದಡ ಸೇರಿಸಿದ.

“ರೀ, ಇದಕ್ಕೊಂದು ಮೋಟರ್ ಹಾಕ್ಸಿ. ಇಲ್ದಿದ್ರೆ ನಾನು ಹತ್ತಲ್ಲ,” ಎಂದರು ಜಾನಕಮ್ಮ.

“ಹಾಯಿದೋಣಿಗೆ ಮೋಟರೇನೇ? ಗಾಳಿಗೆ ಅವಮಾನ ಕಣೇ!”

“ಗಾಳಿ ನಮಗೆ ಮಾಡಿದ್ದೇನು, ಸನ್ಮಾನವಾ?”

ಮೇಷ್ಟ್ರು ಎರಡು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಒಪ್ಪಿದರು. ಒಪ್ಪಿದ ಮೇಲೆ ಅವರನ್ನು ಹಿಡಿಯುವವರೇ ಇಲ್ಲ. ದಿನಕ್ಕೊಂದು ಲೆಕ್ಕ ಹಾಕಿ, ದಿನಕ್ಕೊಂದು ಕುದುರೆ ಶಕ್ತಿ ಏರಿಸತೊಡಗಿದರು.

ಚಾಮರಾಜಪೇಟೆಯ ಮುನಿಸ್ವಾಮಿ ನೀರಿನ ಪಂಪು ರಿಪೇರಿ ಮಾಡುವವನು. ಕರಾವಳಿಯಿಂದ ಹಳೆಯ ದೋಣಿ ಮೋಟರುಗಳನ್ನೂ ತರಿಸಿ, ಸರಿಮಾಡಿ ಮಾರುತ್ತಿದ್ದ. ಇವರು ಹೋದ ದಿನ ಮೂರು ಮೋಟರುಗಳನ್ನು ನೀರು ತುಂಬಿದ ಡ್ರಮ್ಮುಗಳಿಗೆ ಸಿಕ್ಕಿಸಿಟ್ಟಿದ್ದ. ಎಂಟು ಕುದುರೆ ಶಕ್ತಿಯದು ಹೊಸ ಬಣ್ಣ ಹೊಡೆಸಿಕೊಂಡು ಮದುವಣಿಗನಂತೆ ಹೊಳೆಯುತ್ತಿತ್ತು. ಮೇಷ್ಟ್ರ ಕಣ್ಣು ಅದರ ಮೇಲೇ ನೆಟ್ಟಿತು.

“ಇದೇ ಇರ್ಲಿ ಮುನಿಸ್ವಾಮಿ. ದೋಣಿ ಬಾಣದ ಥರ ಹೋಗುತ್ತೆ.”

“ಸ್ವಲ್ಪ ಇರಿ,” ಎಂದು ಜಾನಕಮ್ಮ ಸೆರಗು ಸಿಕ್ಕಿಸಿ, ಅದನ್ನು ಎತ್ತಲು ನೋಡಿದರು. ಅದು ಅಲುಗಲಿಲ್ಲ. “ಇಷ್ಟು ಭಾರ ಹಿಂದೆ ತಗುಲಿಸಿ, ಪಕ್ಕದಲ್ಲಿ ನೀವೂ ಕೂತ್ರೆ, ದೋಣಿ ಮೂತಿ ಮೇಲೆದ್ದು, ನಾನು ಅಲ್ಲಿ ಆಕಾಶ ನೋಡ್ಕೊಂಡು ಕೂತಿರ್ಬೇಕು.”

ಮುನಿಸ್ವಾಮಿ ಗೊಳ್ಳೆಂದು ನಕ್ಕ. ಎರಡು ಕುದುರೆಯದನ್ನು ತೋರಿಸಿದ. ಹಗುರ, ಮುದ್ದಾಗಿತ್ತು. ಜಾನಕಮ್ಮ ಚೀಲದಿಂದ ಹೊಲಿಗೆಯ ಟೇಪು ತೆಗೆದು, ಹಲಗೆಗೆ ಕಚ್ಚುವ ಜಾಗದಿಂದ ಕೆಳಗೆ ನೀರಲ್ಲಿ ತಿರುಗುವ ರೆಕ್ಕೆಯವರೆಗೂ ಅಳೆದರು.

“ನಮ್ಮ ದೋಣಿ ಹಿಂದಿನ ಹಲಗೇನೇ ಇಪ್ಪತ್ತಿಂಚು ಎತ್ತರ ಇದೆ. ಇದರ ಕಾಲು ಗಿಡ್ಡ. ರೆಕ್ಕೆ ನೀರಿಗೆ ಸರಿಯಾಗಿ ಮುಳುಗಲ್ಲ, ಬರೀ ನೊರೆ ಎಬ್ಬಿಸುತ್ತೆ ಅಷ್ಟೆ.”

“ಅಮ್ಮಾವ್ರೇ, ನೀವು ಮೊದಲೇ ಅಳ್ಕೊಂಡು ಬಂದಿದ್ದೀರಾ?”

“ಅಳತೆ ಇಲ್ದೆ ರವಿಕೆ ಹೊಲಿಯಕ್ಕಾಗುತ್ತೇನಪ್ಪಾ?”

ಮೂಲೆಯಲ್ಲಿದ್ದದ್ದು ನಾಲ್ಕು ಕುದುರೆಯದು. ಬಣ್ಣ ಹೋಗಿ, ಮೇಲಿನ ಮುಚ್ಚಳ ಅಲ್ಲಲ್ಲಿ ತಗ್ಗು ಬಿದ್ದಿತ್ತು. ಆದರೆ ಕಾಲು ಉದ್ದ. ಎತ್ತಿದ ಜಾನಕಮ್ಮನವರಿಗೆ ಏದುಸಿರು ಬಂತು, ಆದರೆ ಎತ್ತಲಿಕ್ಕಂತೂ ಆಯಿತು. ಮೋಟರು ಶುರುಮಾಡುವ ಹಗ್ಗದ ಹಿಡಿ ಹಿಡಿದು ಎಳೆದರು, ಕೆಮ್ಮಿತು. ಮೇಷ್ಟ್ರು ಸಹಾಯಕ್ಕೆ ಮುಂದೆ ಬಂದರು. “ನೀವು ಸುಮ್ನಿರಿ,” ಎಂದು ಜಾನಕಮ್ಮನೇ ಇನ್ನೆರಡು ಸಲ ಎಳೆದರು. ಮೂರನೆಯದಕ್ಕೆ ಡ್ರಮ್ಮಿನ ನೀರು ಎದ್ದು ಮೂವರನ್ನೂ ತೋಯಿಸುವಂತೆ ಮೋಟರು ಗುಡುಗಿತು. ಮೂವತ್ತೊಂದು ವರ್ಷ ಬರೀ ಕಡತ ಎತ್ತಿದ್ದ ಆ ಕೈಯಿಂದ ಮುಖದ ನೀರು ಒರೆಸಿಕೊಂಡು, ಮೋಟರಿನ ತಗ್ಗು ಬಿದ್ದ ಮುಚ್ಚಳ ತಟ್ಟಿದರು.

“ಇದೇ,” ಎಂದರು.

ಮುಂದಿನ ಭಾನುವಾರ ಕೆರೆಯ ಮೇಲೆ ಬೆಳಗಿನಿಂದಲೂ ಸೊಗಸಾದ ಗಾಳಿ. ಮೋಟರಿಗೆ ಕೆಲಸವೇ ಇಲ್ಲ. ಮೇಷ್ಟ್ರು ಬೀಗುತ್ತಾ ಹಾಯಿ ಬಿಚ್ಚಿ ಎರಡು ಸುತ್ತು ಹಾಕಿ ದಡಕ್ಕೆ ಬಂದು, “ನೋಡಿದ್ಯಾ, ಸುಮ್ನೆ ತಂದ್ವಿ,” ಎನ್ನುತ್ತಾ ಕಾಫಿಯ ಫ್ಲಾಸ್ಕ್ ಹಿಡಿದು ಕೆಳಗಿಳಿದರು.

ಜಾನಕಮ್ಮ ಇಳಿಯಲಿಲ್ಲ. ಹಾಯಿ ಸುತ್ತಿಟ್ಟರು. ಸೀರೆಯ ಮೇಲೆ ತೊಟ್ಟಿದ್ದ, ನೀರಲ್ಲಿ ತೇಲಿಸುವ ಬೆಂಡಿನ ಜಾಕೆಟ್ಟನ್ನು ಬಿಗಿದುಕೊಂಡು, ಹುಟ್ಟಿನಿಂದ ದೋಣಿಯನ್ನು ಆಳಕ್ಕೆ ನೂಕಿ ಹಗ್ಗ ಎಳೆದರು. ಎರಡನೆಯ ಎಳೆತಕ್ಕೇ ಮೋಟರು ಎದ್ದಿತು. ಮೋಟರಿನ ಹಿಡಿಕೆಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೊರಳುತ್ತದೆಂದು ಪುಸ್ತಕ ಓದಿ ತಿಳಿದಿದ್ದರು. ಈಗ ಅದು ಮೈಗೇ ತಿಳಿಯಿತು. ದಡದಲ್ಲಿ ಮೇಷ್ಟ್ರು ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದರು. ಮೋಟರಿನ ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಹಿತವಾಗಿತ್ತು.

ಆಚೆ ದಡದ ಕಲ್ಲುಗಳ ಮೇಲೆ ಬಟ್ಟೆ ಒಗೆಯುತ್ತಿದ್ದ ಹಳ್ಳಿಯ ನರಸಮ್ಮ ಎದ್ದು ನಿಂತು ನೋಡಿದಳು. ಜಾನಕಮ್ಮ ಹತ್ತಿರ ಬಂದು ಮೋಟರು ನಿಲ್ಲಿಸಿದರು.

“ಅಕ್ಕಾ, ನೀನೇ ಓಡಿಸ್ತಿದ್ದೀಯಾ?”

“ನಾನೇ ಕಣಮ್ಮಾ. ಬರ್ತೀಯಾ?”

ನರಸಮ್ಮ ಸೋಪಿನ ಕೈ ತೊಳೆದುಕೊಂಡಳು. ಮೇಷ್ಟ್ರು ದೋಣಿಯಲ್ಲೇ ಬಿಚ್ಚಿಟ್ಟಿದ್ದ ಜಾಕೆಟ್ಟನ್ನು ಅವಳಿಗೆ ತೊಡಿಸಿ, ಮುಂದಿನ ಹಲಗೆಯ ಮೇಲೆ ಕೂರಿಸಿಕೊಂಡು ಜಾನಕಮ್ಮ ಕೆರೆಯನ್ನು ಪೂರ್ತಿ ಒಂದು ಸುತ್ತು ಬಂದರು. ನರಸಮ್ಮ ಮೊದಲು ಕಿರುಚಿದಳು, ಆಮೇಲೆ ಕೇಕೆ ಹಾಕಿ ನಕ್ಕಳು. ಸುತ್ತು ಮುಗಿಸಿ ಬರುವಷ್ಟರಲ್ಲಿ ಇನ್ನೂ ನಾಲ್ವರು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಕಲ್ಲುಗಳ ಮೇಲೆ ಸಾಲಾಗಿ ನಿಂತಿದ್ದರು.