ಶೆದ್ಲಿಯಾ ಮೆತ್ತಿದ ಮುಚ್ಚಳ

ಸ್ಫಾಕ್ಸ್‌ನ ವಿಶ್ವವಿದ್ಯಾಲಯದ ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಡಾಕ್ಟರೇಟ್ ಪಡೆದವರು ಆರು ಜನ. ಕೆಲಸ ಬಲ್ಲವರು ಒಬ್ಬರೇ, ಅವರಿಗೆ ಡಾಕ್ಟರೇಟ್ ಇಲ್ಲ. ಹೆಸರು ಶೆದ್ಲಿಯಾ, ಗೌರವಕ್ಕೆ ಎಲ್ಲರೂ ಲೆಲ್ಲಾ ಎನ್ನುತ್ತೇವೆ. ಸರ್ಕಾರಿ ಕಡತದಲ್ಲಿ ಅವರ ಹುದ್ದೆ ಗಾಜಿನ ಪಾತ್ರೆ ತೊಳೆಯುವುದು. ಮೂವತ್ತೊಂದು ವರ್ಷದಿಂದ ತೊಳೆಯುತ್ತಿದ್ದಾರೆ, ಆ ನೆಪದಲ್ಲಿ ನಮ್ಮನ್ನೂ.

ತೊಳೆದ ಫ್ಲಾಸ್ಕನ್ನು ಕಿಟಕಿಗೆ ಹಿಡಿದು ಓರೆ ಮಾಡುತ್ತಾರೆ. ನೀರು ಹಾಳೆಯಂತೆ ಜಾರಿದರೆ ಸರಿ. ಎಲ್ಲಾದರೂ ಒಂದು ಹನಿ ನಿಂತಿತೋ, ಹಿಂದಿನ ದಿನ ಅದನ್ನು ಬಳಸಿದವರಿಗೆ ಗ್ರಹಚಾರ.

"ಸಿ ಲಮೀನ್, ಇದು ನಿಮ್ದೇ ಅಲ್ವಾ?"

"ಇರಬಹುದು ಲೆಲ್ಲಾ."

"ಇರಬಹುದು ಏನು ಬಂತು? ಇಡೀ ಕಟ್ಟಡದಲ್ಲಿ ಎಣ್ಣೆ ಕೈಲಿ ಗಾಜು ಮುಟ್ಟೋರು ನೀವೊಬ್ರೇ. ನಿನ್ನೆ ಮಧ್ಯಾಹ್ನ ತಿಂದಿದ್ದು ಎಣ್ಣೇಲಿ ಕರಿದ ಟ್ಯೂನಾ ಮೀನಿನ ಬ್ರೀಕು, ಅದೂ ಗೊತ್ತಾಗ್ತಿದೆ."

ಹೆಸರಿಗೆ ಮೊದಲು ಗೌರವದ 'ಸಿ' ಇರುವ, ಪರಿಸರ ರಸಾಯನ ವಿಭಾಗದ ಮುಖ್ಯಸ್ಥನಾದ ನಾನು ಕೈ ತೊಳೆಯಲು ಹೋಗುತ್ತೇನೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆಕೆ ಇಪ್ಪತ್ತು ಲೀಟರಿನ ಕ್ಯಾನೊಂದನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು. ಮುಚ್ಚಳ ತೆಗೆದದ್ದೇ ತಡ, ಪಕ್ಕದ ಕೋಣೆಯವರು ಬಾಗಿಲು ಹಾಕಿಕೊಂಡರು. ಒಳಗಿದ್ದದ್ದು ಆಲಿವ್ ಗಾಣದ ಕರಿನೀರು. ಎಣ್ಣೆ ತೆಗೆದಾದ ಮೇಲೆ ಉಳಿಯುವ ಈ ನೀರು ಶಾಯಿಯಂತೆ ಕಪ್ಪು, ಅದರ ನಾತಕ್ಕೆ ಹೋಲಿಕೆ ಇಲ್ಲ. ಆಕೆಯ ಮನೆಯ ಹಿಂದೆಯೇ ಹಾಜ್ ಮೊಖ್ತಾರರ ಗಾಣ, ಗಾಣದ ಹಿಂದೆ ಅದೇ ನೀರಿನ ಹೊಂಡ.

"ಬಾಗಿಲ ಮೇಲೆ ಪರಿಸರ ಅಂತ ಬೋರ್ಡು ಹಾಕ್ಕೊಂಡಿದೀರಲ್ಲ. ಇದೂ ಪರಿಸರಾನೇ. ಏನ್ಮಾಡ್ತೀರೋ ಮಾಡಿ."

ಆಮೇಲೆ ವಿಷಯ ತಿಳಿಯಿತು. ಒಬ್ಬಳೇ ಮಗಳು ಇನ್ಸಾಫ್‌ಗೆ ಮಹ್ದಿಯಾದಿಂದ ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನ ತಾಯಿಯನ್ನು ತಾರಸಿಯ ಮೇಲೆ ಕೂರಿಸಿ ಬಾದಾಮಿ ಶರಬತ್ತು ಕೊಟ್ಟರಂತೆ. ಆಯಮ್ಮ ಅರ್ಧ ಲೋಟಕ್ಕೇ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಹುಡುಗಿ ಬಂಗಾರ. ಆದ್ರೆ ಮೆಹಂದಿ, ಮದುವೆ ಎಲ್ಲಾ ನಮ್ಮೂರಲ್ಲೇ ಮಾಡಿಬಿಡೋಣ" ಎಂದು ಎದ್ದುಬಿಟ್ಟರು. ಮೆಹಂದಿ ಹೆಣ್ಣಿನ ತಾಯಿಯ ಮನೆಯಲ್ಲಿ ನಡೆಯಬೇಕು. ನಡೆಯದಿದ್ದರೆ ಓಣಿಯ ಹೆಂಗಸರಿಗೆ ಹತ್ತು ವರ್ಷದ ಮಾತಿಗೆ ಸರಕು. ಶೆದ್ಲಿಯಾ ಬೇಸಿಗೆಯವರೆಗೆ ಅವಕಾಶ ಕೇಳಿದರು. ಹಾಗಾಗಿ ನಮ್ಮ ಸಂಶೋಧನೆಯ ಗಡುವು ಇನ್ಸಾಫ್‌ಳ ಮೆಹಂದಿಯಾಯಿತು.

ಉಪಾಯ ಹೊಸದೇನಲ್ಲ. ಕರಿನೀರಿಗೆ ಸುಣ್ಣ ಹಾಕಿ ಕೆಸರು ತಳಕ್ಕಿಳಿಸುವುದು, ಮೇಲಿನ ನೀರನ್ನು ಖರ್ಜೂರದ ಬೀಜದ ಇದ್ದಿಲಿನಲ್ಲಿ ಸೋಸುವುದು. ರಂಜಾನ್ ತಿಂಗಳಿಡೀ ವಿಭಾಗದವರೆಲ್ಲ ಉಪವಾಸ ಬಿಟ್ಟು ಉಗುಳಿದ ಬೀಜಗಳನ್ನು ಚೀಲದಲ್ಲಿ ತಂದೊಪ್ಪಿಸಿದರು. ಡೀನ್ ಅವರ ಮನೆಯ ಬೀಜಗಳಿಗೆ ಪ್ರತ್ಯೇಕ ಡಬ್ಬಿ. ಶೆದ್ಲಿಯಾ ಅವನ್ನು ತೊಳೆದು, ಒಣಗಿಸಿ, ಪಿಂಗಾಣಿ ಕುಡಿಕೆಗಳಲ್ಲಿ ತುಂಬಿ, ನಾನು ಬರೆದುಕೊಟ್ಟ ಉಷ್ಣಾಂಶದಲ್ಲಿ ಕುಲುಮೆಗಿಟ್ಟರು. ಹೊರಬಂದ ಇದ್ದಿಲು ನೀರಿನ ಕಪ್ಪನ್ನು ಎಳೆದುಕೊಂಡ ರೀತಿ ನೋಡಿ ನಾನು ಮೂರು ದಿನ ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಒಂದು ಬಾಟಲಿ ತಿಳಿನೀರು ಹಿಡಿದು ಹಾಜ್ ಮೊಖ್ತಾರರ ಬಳಿ ಹೋದೆ. ಅವರು ಅದನ್ನು ಬಿಸಿಲಿಗೆ ಹಿಡಿದು ನೋಡಿ ವಾಪಸು ಕೊಟ್ಟರು.

"ನಲ್ಲಿ ನಮ್ಮನೇಲೂ ಇದೆ ಡಾಕ್ಟ್ರೇ. ನನ್ನ ಹೊಂಡದ ನೀರನ್ನ ನಾನೇ ತರ್ತೀನಿ, ನನ್ನ ಕಣ್ಣೆದುರಿಗೆ ತಿಳಿ ಮಾಡಿ. ತಿಳಿಯಾದ್ರೆ ಸೋಸೋ ತೊಟ್ಟಿ ಕಟ್ಟಿಸ್ತೀನಿ, ಹೊಂಡ ಮುಚ್ಚಿಸ್ತೀನಿ. ಆಗ್ಲಿಲ್ವಾ, ಮತ್ತೆ ನನ್ನ ಗಾಣದ ಹತ್ರ ಸುಳೀಬೇಡಿ."

ಎರಡು ವಾರ ಬಿಟ್ಟು ಗುರುವಾರ ಎಂದು ನಿಶ್ಚಯವಾಯಿತು. ಮೊದಲ ಇದ್ದಿಲು ಪರೀಕ್ಷೆಗಳಲ್ಲೇ ಖರ್ಚಾಗಿತ್ತು. ಶೆದ್ಲಿಯಾ ತಂಗಿಯ ಬಾಣಂತನಕ್ಕೆ ಗಫ್ಸಾಕ್ಕೆ ಹೊರಟು ನಿಂತಿದ್ದರು.

"ನೆಮ್ಮದಿಯಾಗಿ ಹೋಗಿ ಬನ್ನಿ ಲೆಲ್ಲಾ. ಬೀಜ ಸುಡೋಕೆ ನಾನಿಲ್ವಾ?" ಎಂದೆ.

ಆಕೆ ನನ್ನ ಕೈಗಳನ್ನೊಮ್ಮೆ ನೋಡಿ, ಚೀಲ ಎತ್ತಿಕೊಂಡು ಹೋದರು.

ಮೊದಲ ಸಲ ಕುಲುಮೆ ತೆರೆದಾಗ ಕುಡಿಕೆಯಲ್ಲಿ ಬೂದಿ. ಉಷ್ಣಾಂಶ ಇಳಿಸಿದೆ, ಮತ್ತೆ ಬೂದಿ. ಹೊತ್ತು ಕಡಿಮೆ ಮಾಡಿದೆ. ಅರ್ಧ ಬೂದಿ, ಅರ್ಧ ಹಸಿ ಬೀಜ. ಕುಲುಮೆ ಕೆಟ್ಟಿದೆ ಎಂದು ರಿಪೇರಿಯವನನ್ನು ಕರೆಸಿದೆ. ಅವನು ಕುಲುಮೆಯನ್ನೂ ನನ್ನನ್ನೂ ಪರೀಕ್ಷಿಸಿ, ಕುಲುಮೆ ಸರಿಯಾಗಿದೆ ಎಂದ. ತಪ್ಪು ಡೀನ್ ಅವರ ಬೀಜಗಳದ್ದು ಎಂದೂ ಒಂದು ಸಿದ್ಧಾಂತ ಮಂಡಿಸಿದೆ. ಅದನ್ನು ಒಪ್ಪಲು ಸಹೋದ್ಯೋಗಿಗಳಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಶೆದ್ಲಿಯಾ ಬಂದರು. ಚೀಲವನ್ನೂ ಇಳಿಸದೆ ನನ್ನ ಬೂದಿಯ ಸಾಲು ನೋಡಿದರು.

"ಇದೇನು, ಬಾಯಿ ಮೆತ್ತಲಿಲ್ವಾ?"

"ಯಾರ ಬಾಯಿ?"

"ಕುಡಿಕೆ ಬಾಯಿ ಸಿ ಲಮೀನ್! ಮುಚ್ಚಳದ ಸುತ್ತ!"

"ಮುಚ್ಚಳ ಹಾಕಿದೆನಲ್ಲ."

ಆಕೆ ಸ್ಟೂಲಿನ ಮೇಲೆ ಕುಸಿದು ಕುಳಿತರು. "ಅಯ್ಯೋ ದೇವರೇ! ಕುಸ್ಕುಸ್ ಹೇಗೆ ಬೇಯುತ್ತೆ ಅಂತ ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಹಬೆಯಲ್ಲಿ ಬೇಯಿಸಿದ ಈ ಗೋಧಿ ರವೆಯನ್ನು ಐವತ್ತೆರಡು ವರ್ಷದಿಂದ ಪ್ರತಿ ಭಾನುವಾರ ತಿನ್ನುತ್ತಿದ್ದೇನೆ. ಕೆಳಗಿನ ಹಂಡೆಗೂ ಮೇಲಿನ ತೂತಿನ ಪಾತ್ರೆಗೂ ನಡುವಿನ ಸಂದಿಗೆ ಹಿಟ್ಟು ಸವರಿದ ಬಟ್ಟೆಪಟ್ಟಿ ಸುತ್ತುತ್ತಾರೆ, ಹಬೆ ಎತ್ತಲೂ ಸೋರಬಾರದು. ಊರಿನ ಹತ್ತು ವರ್ಷದ ಹುಡುಗಿಗೂ ತಿಳಿದ ಸಂಗತಿ. ಶೆದ್ಲಿಯಾ ನಮ್ಮ ಕುಡಿಕೆಗಳಿಗೂ ಅದನ್ನೇ ಮಾಡಿದ್ದರು. ಬೆಂಕಿ ಜೋರೆಂದು ಹಿಟ್ಟಿಗೆ ಜೇಡಿಮಣ್ಣು ಕಲಸಿದ್ದರು, ಅಷ್ಟೇ. ಒಳಗೆ ಗಾಳಿ ಹೋಗದೆ ಬೀಜ ಇದ್ದಿಲಾಗಿತ್ತು. ನನ್ನ ಸಡಿಲ ಮುಚ್ಚಳದ ಸಂದಿಯಲ್ಲಿ ಗಾಳಿ ನುಗ್ಗಿ ಎಲ್ಲವನ್ನೂ ಸುಟ್ಟಿತ್ತು. ಈ ಪಾಠವನ್ನು ನಾನು ಪ್ರತಿವರ್ಷ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ.

"ಆಗ್ಲೇ ಹೇಳಬಾರದಿತ್ತಾ ಲೆಲ್ಲಾ?"

"ಹೇಳೋದೇನು? ಬಾಯಿ ಮೆತ್ತದೆ ಯಾರಾದ್ರೂ ಪಾತ್ರೆ ಒಲೆಗೇರಿಸ್ತಾರಾ?"

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ನಕ್ಕು ಸುಸ್ತಾಗಿ ತನ್ನ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕನ ನಗುವೂ ಫೋನಿನಿಂದ ನನಗೆ ಕೇಳಿಸಿತು.

ಬುಧವಾರವಿಡೀ ಶೆದ್ಲಿಯಾ ಮೆತ್ತಿದರು. ನಾನು ಹಿಟ್ಟು ಕಲಸಿದೆ. "ಇನ್ನೂ ಮೆತ್ತಗೆ. ಕಿವಿ ಹಾಲೆ ಮುಟ್ಟಿ ನೋಡ್ಕೊಳ್ಳಿ, ಅಷ್ಟು ಮೆತ್ತಗೆ" ಎಂದರು. ಸಂಜೆ ಒಂದು ಕಿವಿಗೆ ಜೇಡಿಮಣ್ಣು ಮೆತ್ತಿಕೊಂಡೇ ನಾನು ಅಧ್ಯಾಪಕರ ಸಭೆಗೆ ಹೋಗಿದ್ದೆ.

ರಾತ್ರಿಯ ಕುಲುಮೆಯಿಂದ ಈ ಸಲ ಹೊರಬಂದದ್ದು ಇದ್ದಿಲೇ. ಗುರುವಾರ ಹಾಜ್ ತಮ್ಮ ಕ್ಯಾನಿನೊಂದಿಗೆ ಬಂದರು. ಸುಣ್ಣದ ಕೆಲಸ ಮುಗಿಸಿ ನೀರನ್ನು ಇದ್ದಿಲು ತುಂಬಿದ ಗಾಜಿನ ಕೊಳವೆಗೆ ಬಿಟ್ಟೆ. ಕೆಳಗೆ ಇಳಿದ ಮೊದಲ ಹನಿಗಳು ಮೇಲೆ ಹಾಕಿದ ನೀರಿಗಿಂತ ಕಪ್ಪು.

ಹಾಜ್ ಟೋಪಿ ಎತ್ತಿಕೊಂಡರು.

"ಕೂತ್ಕೊಳ್ಳಿ ಹಾಜ್," ಎಂದರು ಶೆದ್ಲಿಯಾ, ಒರಟಾಗಿಯೇ. "ಇದ್ದಿಲಿನ ಪುಡಿ ತೊಳೆದು ಹೋಗ್ತಿದೆ. ನಿಮ್ಮ ಗಾಣದಲ್ಲಿ ಮೊದಲು ಇಳಿಯೋ ಎಣ್ಣೆ ತಿಳಿಯಾಗಿರುತ್ತಾ?"

ಹಾಜ್ ಕುಳಿತರು. ಹನಿ ಬೂದಿ ಬಣ್ಣಕ್ಕೆ ತಿರುಗಿತು, ಆಮೇಲೆ ತೆಳು ಚಹಾದ ಬಣ್ಣಕ್ಕೆ, ಕೊನೆಗೆ ಅದೂ ಮಾಯ. ಶೆದ್ಲಿಯಾ ಬೀಕರನ್ನು ಅವರ ಮೂಗಿನ ಕೆಳಗೆ ಹಿಡಿದರು. ಹಾಜ್ ಒಮ್ಮೆ ಮೂಸಿದರು, ನಂಬಿಕೆ ಸಾಲದೆ ಮತ್ತೊಮ್ಮೆ.

"ಏನೂ ಇಲ್ಲ" ಎಂದರು, ಏನೋ ಕಳೆದುಕೊಂಡವರಂತೆ. ನಂತರ ಜೋರಾಗಿ ನಕ್ಕರು. "ತೊಟ್ಟಿ ಕಟ್ಟಿಸ್ತೀನಿ. ಆದ್ರೆ ಮೆತ್ತೋ ಕೆಲಸ ಈ ಡಾಕ್ಟ್ರಿಗೆ ಬಿಡಲ್ಲ. ನಮ್ಮ ಹೆಂಗಸರಿಗೆ ನೀವೇ ಕಲಿಸಿಕೊಡ್ಬೇಕು, ಲೆಲ್ಲಾ."

"ಅವರಿಗೆ ಗೊತ್ತೇ ಇರುತ್ತೆ ಹಾಜ್. ಕುಡಿಕೆ ತೋರ್ಸಿದ್ರೆ ಸಾಕು. ಹೊಂಡ ಯಾವಾಗ ಮುಚ್ಚಿಸ್ತೀರಿ, ಅದು ಹೇಳಿ."

ಮುಂದೆ ಬರೆದ ಪ್ರಬಂಧದಲ್ಲಿ ಆಕೆಯ ಹೆಸರನ್ನು ಮೊದಲು ಹಾಕಿದೆ. ಪತ್ರಿಕೆಯವರು ಮೆತ್ತುವ ಪದರದ ದಪ್ಪ ಎಷ್ಟೆಂದು ವಿಚಾರಿಸಿದರು. ಶೆದ್ಲಿಯಾ ಕಿರುಬೆರಳು ತೋರಿಸಿದರು. ನಾನು ಅಳೆದು ಬರೆದೆ: ಹನ್ನೆರಡು ಮಿಲಿಮೀಟರ್.

ಅದಕ್ಕೂ ಮೊದಲೇ, ಮೇ ತಿಂಗಳಲ್ಲಿ, ಟ್ರ್ಯಾಕ್ಟರು ಹೊಂಡಕ್ಕೆ ಮಣ್ಣು ಸುರಿಯಿತು. ಆ ದಿನ ರಜೆ ಹಾಕಿದ ಶೆದ್ಲಿಯಾ ಹೊಂಡದ ದಂಡೆಯಲ್ಲೇ ಕುರ್ಚಿ ಹಾಕಿಸಿ ಕೂತಿದ್ದರು. ಅಭಿನಂದಿಸಲು ಹೋದ ನನಗೂ ಪಕ್ಕದಲ್ಲಿ ಒಂದು ಕುರ್ಚಿ ಸಿಕ್ಕಿತು. ಇನ್ಸಾಫ್ ತಾರಸಿಯ ಗೋಡೆಗೆ ಸುಣ್ಣ ಬಳಿಯುತ್ತ ಹಾಡುತ್ತಿದ್ದಳು. ಶೆದ್ಲಿಯಾ ಫೋನಿನಲ್ಲಿ ಮಹ್ದಿಯಾದ ಬೀಗಿತ್ತಿಗೆ ಮೆಹಂದಿಗೆ ಎಷ್ಟು ಜನ ಬರುತ್ತೀರಿ ಎಂದು ಕೇಳುತ್ತಿದ್ದರು. ಮಧ್ಯೆ ಮಧ್ಯೆ ಫೋನಿಗೆ ಕೈ ಅಡ್ಡ ಹಿಡಿದು ಟ್ರ್ಯಾಕ್ಟರಿನವನಿಗೆ ಕೂಗುತ್ತಿದ್ದರು:

"ಆ ಮೂಲೆ ಮಗಾ, ಆ ಮೂಲೆ! ಇನ್ನೊಂದು ಲೋಡು ಹಾಕು. ಅಲ್ಲಿ ಟೇಬಲ್ ಹಾಕ್ಬೇಕು!"