ಕಾರಿಂಜದ ತಿರುವಿನ ಬಂಡೆ

ಕಾರಿಂಜ ಬೆಟ್ಟಕ್ಕೆ ಪ್ರವಾಸಿಗರನ್ನು ಹತ್ತಿಸುವುದರಲ್ಲಿ ಮಡಂತ್ಯಾರಿನ ಶಶಿಪ್ರಭಾಳಿಗೆ ಸರಿಸಾಟಿ ಯಾರೂ ಇರಲಿಲ್ಲ. ಅವಳು ಬಾಯಿ ತೆರೆದರೆ ಜನ ಮೊಬೈಲು ಜೇಬಿಗೆ ಹಾಕುತ್ತಿದ್ದರು. ಭೀಮನ ಗದೆ ಬಿದ್ದು ಕೆರೆಯಾದದ್ದನ್ನು, ತಾನೇ ಪಕ್ಕದಲ್ಲಿ ನಿಂತು ನೋಡಿದವಳ ಹಾಗೆ ಹೇಳುವಳು. ಮೊಣಕಾಲು ಕೈಕೊಟ್ಟಾಗ ಆ ಕಥೆಗಳನ್ನೆಲ್ಲ ವ್ಯಾನಿನ ಚಾಲಕ ರಂಜಿತನಿಗೆ ಧಾರೆ ಎರೆದಳು. ಸ್ವಂತ ತಮ್ಮನಿಗೂ ಅಷ್ಟು ಅಕ್ಕರೆಯಿಂದ ಕಲಿಸುತ್ತಿದ್ದಳೋ ಇಲ್ಲವೋ.

ಒಂದನ್ನು ಮಾತ್ರ ಕಲಿಸಿರಲಿಲ್ಲ, ನಂಬಿ ಹೇಳಿಕೊಂಡಿದ್ದಳು. ಮೆಟ್ಟಿಲು ತಿರುಗುವಲ್ಲಿ ಒಂದು ಬಂಡೆ. ಪ್ರವಾಸಿಗರು ಇಳಿದುಹೋದ ಮೇಲೆ ಅವಳು ಅಲ್ಲಿ ಸ್ವಲ್ಪ ಹೊತ್ತು ಕೂರುತ್ತಿದ್ದಳು. ಯಾಕೆಂದು ರಂಜಿತ ಕೇಳಿದ ದಿನ ಬಾಯಿಬಿಟ್ಟಳು. ಬಹಳ ವರ್ಷಗಳ ಹಿಂದೆ ಅಲ್ಲೇ ಕೂತು ಮಗುವಿಗಾಗಿ ಹರಕೆ ಹೊತ್ತದ್ದು, ಬಸುರಾದದ್ದು, ದಿನ ತುಂಬುವ ಮೊದಲೇ ಮಗು ಹೋದದ್ದು. ಗಂಡನಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟಿದ್ದ ಹೆಸರನ್ನು ಕೂಡ ಹೇಳಿದಳು.

"ನನ್ನ ಬಾಯಿಯಿಂದ ಹೊರಗೆ ಬರುವುದಿಲ್ಲ ಅಕ್ಕ," ಎಂದು ಅವನು ಕಣ್ಣೊರೆಸಿಕೊಂಡಿದ್ದ.

ಈಚೆಗೆ ಅವನೇ ಕರೆದ. "ಒಮ್ಮೆ ಬನ್ನಿ ಶಶಿಯಕ್ಕ. ಕಾರಿಂಜ ಮುಗಿಸಿ ಮೂಡುಬಿದಿರೆಯ ಬಸದಿಗೆ ಹೋಗುವ. ನೀವು ಬೆಟ್ಟ ಹತ್ತುವುದು ಬೇಡ, ವ್ಯಾನಿನಲ್ಲೇ ಕೂತಿರಿ."

ಹೆಮ್ಮೆಯಿಂದ ಹೋದಳು. ಆದರೆ ಬೆಟ್ಟದ ಬುಡದಲ್ಲಿ ಸುಮ್ಮನೆ ಕೂರುವ ಜೀವವೇ ಅದು? ಶಿಷ್ಯ ಹೇಗೆ ಹೇಳುತ್ತಾನೆಂದು ಕೇಳುವ ಆಸೆಗೆ, ಎಲ್ಲರೂ ಮೇಲೆ ಹೋದ ನಂತರ ಕುಂಟುತ್ತಾ ಹತ್ತಿದಳು. ತಿರುವಿನ ಈಚೆ ಏದುಸಿರು ಬಿಡುತ್ತಾ ನಿಂತಾಗ ರಂಜಿತನ ದನಿ ಕೇಳಿಸಿತು.

"ಮಕ್ಕಳಿಲ್ಲದ ಒಬ್ಬ ಹೆಂಗಸು ಇದೇ ಬಂಡೆಯಲ್ಲಿ ಕೂತು ಅತ್ತದ್ದು. ವರ್ಷ ತುಂಬುವುದರೊಳಗೆ ಗಂಡು ಮಗು! ಇದನ್ನು ಮುಟ್ಟಿದವರಿಗೆ ಸಂತಾನ ಉಂಟು."

"ಆ ಮಗುಗೆ ಏನು ಹೆಸರಿಟ್ರು?" ಬೆಂಗಳೂರಿನ ಹುಡುಗಿಯೊಬ್ಬಳು ಆಸೆಯಿಂದ ಕೇಳಿದಳು.

"ಭವಿತ್. ಈಗ ದುಬೈಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ."

ಅದು ಶಶಿಪ್ರಭಾ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು. ಆ ಹೆಸರನ್ನು ಹಿಡಿದು ಅವಳೇ ಒಮ್ಮೆಯೂ ಗಟ್ಟಿಯಾಗಿ ಕರೆದವಳಲ್ಲ. ಇಲ್ಲಿ ಜನ ಅದನ್ನು ಕೇಳಿ ಚಪ್ಪಾಳೆ ತಟ್ಟುತ್ತಿದ್ದರು, ಬಂಡೆಯ ಜೊತೆ ಸೆಲ್ಫಿ ತೆಗೆಯುತ್ತಿದ್ದರು. ದ್ರೋಹಿ, ಎಂದುಕೊಂಡಳು. ಗದೆಯ ಕಥೆಯನ್ನು ಬೇಕಾದಷ್ಟು ಹಿಗ್ಗಿಸಲಿ, ತನ್ನ ಮಗುವನ್ನು ಇವನ ಕೈಗೆ ಕೊಟ್ಟವರು ಯಾರು? ತಾನೇ ಕೊಟ್ಟದ್ದು. ಅದೇ ಹೆಚ್ಚು ಉರಿಯಿತು. ಯಾರ ಕಣ್ಣಿಗೂ ಬೀಳದೆ ಇಳಿದು ಬಂದು ವ್ಯಾನಿನಲ್ಲಿ ಕೂತಳು.

ಮೂಡುಬಿದಿರೆಯ ದಾರಿಯಲ್ಲಿ ರಂಜಿತ ಕನ್ನಡಿಯಲ್ಲಿ ನಗುತ್ತಾ ಅವಳನ್ನು ಪರಿಚಯಿಸಿದ. "ಇವರೇ ನನ್ನ ಗುರುಗಳು."

ಬೆಂಗಳೂರಿನ ಹುಡುಗಿ ಪಕ್ಕದಲ್ಲೇ ಇದ್ದಳು. ಅಂಗೈಗೆ ಹತ್ತಿದ ಬಂಡೆಯ ಮಣ್ಣನ್ನು ಇನ್ನೂ ಒರೆಸಿರಲಿಲ್ಲ. "ನಿಮಗೆಷ್ಟು ಮಕ್ಕಳು ಅಕ್ಕಾ?"

"ಒಬ್ಬ ಮಗ," ಎಂದಳು ಶಶಿಪ್ರಭಾ, ಮುಂದಿನ ಸೀಟಿಗೆ ಕೇಳುವ ಹಾಗೆ. "ದುಬೈಯಲ್ಲಿ ಇದ್ದಾನಂತೆ. ನನಗೆ ಇವತ್ತೇ ಗೊತ್ತಾದದ್ದು. ಹೆಸರು ರಂಜಿತನಲ್ಲಿ ಕೇಳಿ."