ಮೂವತ್ತೆಂಟು ಬಾಗಿಲು, ಒಂದೇ ವಿಳಾಸ

ನಮ್ಮ ಅತ್ತಿಗೆಯನ್ನು ಈ ನಾಲ್ಕು ಬೀದಿಯವರು ನಂಬರ್ ಅಕ್ಕ ಎನ್ನುತ್ತಾರೆ. ಮನೆಮನೆಗೆ ಇಂಟರ್‌ನೆಟ್ ಕೊಡುವ ಪುಟ್ಟ ಕಚೇರಿ ಅವರದು. ಕಂಬ ಹತ್ತಿ ಕೇಬಲ್ ಎಳೆಯುವವನು ನಾನು, ಅವರ ಮೈದುನ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲಿ.

ಇಂಟರ್‌ನೆಟ್ಟಿನಲ್ಲಿ ಮನೆಗೊಂದು ನಂಬರ್ ಬೇಕು, ಅದೇ ವಿಳಾಸ. ಮೊದಲು ಬಂದ ದೊಡ್ಡ ಕಂಪನಿಗಳು ಮೂಟೆಗಟ್ಟಲೆ ಬಾಚಿಕೊಂಡವು. ತಡವಾಗಿ ಬಂದ ನಮಗೆ ಸಿಕ್ಕಿದ್ದು ಇನ್ನೂರೈವತ್ತಾರು. ಮನೆಗಳು ಸಾವಿರದ ಮುನ್ನೂರು. ಹೊಸ ಬಗೆಯ ಉದ್ದ ನಂಬರುಗಳು ಬೇಕಾದಷ್ಟಿವೆಯಂತೆ, ಆದರೆ ಹಳೆಯದನ್ನು ತೋರಿಸದೆ ಒಳಗೆ ಬಿಡದ ವೆಬ್‌ಸೈಟುಗಳು ಇನ್ನೂ ಎಷ್ಟೋ. ಹಾಗಾಗಿ ಅತ್ತಿಗೆ ಹತ್ತಾರು ಮನೆಗಳನ್ನು ಒಂದೇ ನಂಬರಿನ ಹಿಂದೆ ಕೂರಿಸಿದ್ದರು. ಹೊರಗಿನವರ ಕಣ್ಣಿಗೆ ಅಷ್ಟೂ ಒಂದೇ ಮನೆ. ಒಬ್ಬ ಕಿತಾಪತಿ ಮಾಡಿದರೆ ಎಲ್ಲರಿಗೂ ಬಾಗಿಲು ಬಂದ್.

ಸ್ವಂತ ನಂಬರ್ ಯಾರಿಗೆ ಎಂಬುದಕ್ಕೆ ಅವರದೊಂದು ನೋಟ್‌ಬುಕ್ಕಿತ್ತು. ಮೊದಲು ಆಸ್ಪತ್ರೆ, ಆಮೇಲೆ ಶಾಲೆ. ಡಯಾಲಿಸಿಸ್ ಕೇಂದ್ರದವರು ಬರುವಷ್ಟರಲ್ಲಿ ಎಲ್ಲ ಖಾಲಿ. ಅತ್ತಿಗೆ ಕಚೇರಿಯ ನಂಬರನ್ನೇ ತೆಗೆದು ಕೊಟ್ಟುಬಿಟ್ಟರು.

"ಮಾಲೀಕಿ ನೀವು. ನೀವೇ ನಂಬರಿಲ್ಲದೆ ಕೂತ್ರೆ ಹೇಗೆ ಅತ್ತಿಗೆ?" ಎಂದು ರೇಗಿದೆ.

"ಬಡಿಸ್ತಾ ಇರೋಳು ನಾನು. ಎಲ್ಲರದೂ ಆಗ್ಲಿ ಬಿಡಪ್ಪ."

ಕಚೇರಿಯೂ ನಮ್ಮ ಬೀದಿಯ ಮೂವತ್ತೇಳು ಮನೆಗಳ ಜೊತೆ ಒಂದೇ ನಂಬರಿಗೆ ಸೇರಿತು.

ನಂಬರ್ ಹಂಚುವ ಮೇಲಿನ ಸಂಸ್ಥೆಯ ನಿಯಮವನ್ನು ಯಾರು ಬೇಕಾದರೂ ತಿದ್ದಲು ಕೇಳಬಹುದು. ಅತ್ತಿಗೆ ಕೇಳಿದರು: ಉಳಿದ ಕೊನೆಯ ನಂಬರುಗಳು ಸಣ್ಣವರಿಗೇ ಮೀಸಲಿರಲಿ. ಎರಡು ವರ್ಷ ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಅಲ್ಲಿ ತಲೆ ಎಣಿಸುವುದಿಲ್ಲವಂತೆ, ಒಮ್ಮತ ನೋಡುತ್ತಾರಂತೆ. ಕೊನೆಯ ದಿನ ಒಂದು ಪುಟದಲ್ಲಿ ಬೆಂಬಲ, ವಿರೋಧ ಎಂದು ಗುಂಡಿ ಇಟ್ಟಿದ್ದರು.

ನನ್ನ ತಲೆ ಕಾದಿತ್ತು. ದೊಡ್ಡವರು ಹಿಂಡುಗಟ್ಟಿ ಬರುವಾಗ ನಾವೇನು ಕಡಿಮೆ? ಅತ್ತಿಗೆಗೆ ಹೇಳದೆ ನಮ್ಮ ಬೀದಿಯ ಬಾಗಿಲು ಬಾಗಿಲು ಬಡಿದೆ.

"ಒತ್ತಿದ್ರೆ ನನ್ನ ಫೋನು ಕೆಟ್ಟೋಗಲ್ವಾ?" ಎಂದಳು ಬಟ್ಟೆ ಹೊಲಿಯುವಾಕೆ.

"ಬೆರಳೂ ಸವೆಯಲ್ಲ, ಫೋನೂ ಕೆಡಲ್ಲ. ಒತ್ತು ತಾಯಿ!"

ಒಬ್ಬರೂ ಬಿಡದೆ ಒತ್ತಿದರು. ನಾನು ಎದೆಯುಬ್ಬಿಸಿ ಕಚೇರಿಗೆ ಬಂದೆ.

ಸಂಜೆ ಆ ಸಂಸ್ಥೆಯ ಅಧ್ಯಕ್ಷರ ತೀರ್ಮಾನ ಬಂತು. ಅತ್ತಿಗೆ ಓದಿ ಹೇಳಿದರು. "ಒಂದೇ ವಿಳಾಸದಿಂದ ಮೂವತ್ತೆಂಟು ಬೆಂಬಲ ಬಂದಿವೆ. ಒಬ್ಬರೇ ಪದೇ ಪದೇ ಒತ್ತಿರುವುದರಿಂದ ಅಷ್ಟನ್ನೂ ಕೈಬಿಡಲಾಗಿದೆ. ಒಮ್ಮತವಿಲ್ಲ." ಆ ಮೂವತ್ತೆಂಟರಲ್ಲಿ ಅತ್ತಿಗೆಯದೂ ಒಂದು.

"ಇವು ಮೂವತ್ತೆಂಟು ಬೇರೆ ಬೇರೆ ಬಾಗಿಲು ಸ್ವಾಮಿ, ನಂಬರಿಲ್ಲದ್ದಕ್ಕೇ ಹೀಗೆ ಕಾಣುತ್ತವೆ" ಎಂದು ಅವರು ಕೂಡಲೇ ಬರೆದರು. ಅಭಿಪ್ರಾಯ ತಿಳಿಸುವ ಅವಧಿ ಮುಗಿದಿದೆ, ಮುಂದಿನ ವರ್ಷ ಹೊಸದಾಗಿ ಕೇಳಬಹುದು ಎಂದು ಉತ್ತರ ಬಂತು. ಅಷ್ಟರಲ್ಲಿ ಉಳಿದಿರುವುದೂ ಖಾಲಿ.

ಯಾರ ಕುತ್ತಿಗೆಪಟ್ಟಿ ಹಿಡಿಯಲಿ? ಆ ಅಧ್ಯಕ್ಷ ಯಾವ ಊರಿನವನೋ. ಅವನು ಕಂಡದ್ದನ್ನೇ ಹೇಳಿದ್ದ. ಕಂಬದ ಮೇಲೆ ಎಂಥ ಗಂಟನ್ನೂ ಬಿಡಿಸುವ ಈ ಕೈಗೆ ಅವತ್ತು ಹಿಡಿಯಲು ಏನೂ ಸಿಗಲಿಲ್ಲ.

"ನನ್ನನ್ನ ಬೈಯಿರಿ ಅತ್ತಿಗೆ."

"ಬೈದು ಏನ್ಮಾಡ್ಲಿ? ಅವರ ಪ್ರಕಾರ ನೀನೂ ನಾನೂ ಒಬ್ರೇ." ನಗಲು ಹೋದರು, ಆಗಲಿಲ್ಲ.

ಬೆಳಿಗ್ಗೆ ರಕ್ತಪರೀಕ್ಷೆಯ ಲ್ಯಾಬಿನವನು ಬಂದ. ಹಂಚಿಕೊಂಡ ನಂಬರಿನಲ್ಲಿ ಇನ್ಯಾರದೋ ತಪ್ಪಿಗೆ ಅವನ ವರದಿಗಳು ಆಸ್ಪತ್ರೆ ತಲುಪದೆ ಮೂರು ದಿನವಾಗಿತ್ತು. ನೋಟ್‌ಬುಕ್ಕಿನಲ್ಲಿ ಮುಂದಿನ ಹೆಸರು ಅವನದೇ.

"ಅಕ್ಕಾ, ನನ್ನ ನಂಬರ್ ಬಂತಾ?"

ಅತ್ತಿಗೆ ನೋಟ್‌ಬುಕ್ ತೆರೆದು ಅವನ ಹೆಸರಿನ ಮೇಲೆ ಬೆರಳಿಟ್ಟರು.

"ಸಾಲಲ್ಲಿ ನೀವೇ ಮೊದಲು" ಎಂದರು. ಅವನು ಖುಷಿಯಾಗಿ ಹೋದ.